ಬ್ಲೀಚ್‌ನ ಸಾವಿರ ವರ್ಷಗಳ ರಕ್ತಸಮರವನ್ನು ನೋಡುವ ಬಗೆ: ಹಳೆಯ 366 ಕಂತುಗಳಿಂದ ಕೊನೆಯ ಯುದ್ಧದವರೆಗೆ ಒಂದು ಸಮಗ್ರ ಮಾರ್ಗದರ್ಶಿ

2012ರ ಮಾರ್ಚ್ 27ರಂದು 366ನೆಯ ಕಂತಿಗೆ ನಿಂತುಹೋಗಿದ್ದ ಬ್ಲೀಚ್ ಎಂಬ ಅನಿಮೆ, ಅಂದರೆ ಜಪಾನಿ ಅನಿಮೇಷನ್ ಸರಣಿ, 2022ರ ಅಕ್ಟೋಬರ್‌ನಲ್ಲಿ ‘ಥೌಸಂಡ್-ಇಯರ್ ಬ್ಲಡ್ ವಾರ್’ ಎಂಬ ಹೆಸರಿನಲ್ಲಿ ಟಿವಿ ಟೋಕಿಯೊ ವಾಹಿನಿಗೆ ಮರಳಿತು. ನಡುವೆ ಹತ್ತು ವರ್ಷಗಳೇ ಕಳೆದಿದ್ದರೂ ಹೊಸ ಸರಣಿಯು ಹಿಂದಿನ ಕಥೆಯನ್ನು ನೆನಪಿಸುವ ಗೊಡವೆಗೆ ಹೋಗಲಿಲ್ಲ. ಮೊದಲ ಕಂತಿನಲ್ಲೇ ಹತ್ತಾರು ಪಾತ್ರಗಳು ಬಂದು ನಿಲ್ಲುತ್ತವೆ, ಅವರ ನಡುವಿನ ಹಳೆಯ ದ್ವೇಷ ಮತ್ತು ಋಣಗಳು ನೋಡುಗನಿಗೆ ಗೊತ್ತೇ ಇವೆ ಎಂಬ ಭರವಸೆಯಲ್ಲಿ ಕಥೆ ಓಡತೊಡಗುತ್ತದೆ. ಹೀಗಾಗಿ ಹೊಸಬರು ಎರಡು ಬಗೆಯಲ್ಲಿ ಸೋಲುತ್ತಾರೆ. ಕೆಲವರು ನೇರವಾಗಿ ಹೊಸ ಸರಣಿಗೆ ಹಾರಿ ಯಾರು ಯಾರನ್ನು ಏಕೆ ಕೊಲ್ಲುತ್ತಿದ್ದಾರೆಂದು ತಿಳಿಯದೆ ಕೈಬಿಡುತ್ತಾರೆ; ಇನ್ನು ಕೆಲವರು 366 ಕಂತುಗಳನ್ನೂ ಸಾಲಾಗಿ ನೋಡಲು ಹೊರಟು ನೂರರ ಆಸುಪಾಸಿನಲ್ಲಿ ಬಳಲಿ ಕೂರುತ್ತಾರೆ. ಹಳೆಯ ಕಂತುಗಳಲ್ಲಿ ಅರ್ಧಕ್ಕೆ ಬಿಟ್ಟ ಮಾತುಗಳೆಲ್ಲ ಈ ಕೊನೆಯ ಯುದ್ಧದಲ್ಲಿ ಒಂದೊಂದಾಗಿ ಚುಕ್ತಾ ಆಗುತ್ತವೆ. ಆದ್ದರಿಂದ ಯಾವ ಮಾತು ಎಲ್ಲಿ ಬಿಟ್ಟಿದೆ ಎಂಬುದನ್ನು ಗುರುತಿಟ್ಟುಕೊಂಡು ನೋಡುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಮುಂದಿನ ಹೆಜ್ಜೆಗಳನ್ನು ಆ ಲೆಕ್ಕದಲ್ಲೇ ಇಟ್ಟಿದ್ದೇನೆ. ಪಾತ್ರಗಳ ಸಾವು, ದ್ರೋಹ ಮತ್ತು ಕೊನೆಯ ಯುದ್ಧದ ಫಲಿತಾಂಶಗಳನ್ನು ಎಲ್ಲಿಯೂ ಹೇಳಿಲ್ಲ.

ಮೊದಲ ಹೆಜ್ಜೆ: ಒಟ್ಟು ಹರವನ್ನು ಅರಿತುಕೊಳ್ಳಿ

ಮೂಲ ಕೃತಿ ಟೈಟೊ ಕುಬೊ ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಶುಏಯಿಶಾ ಪ್ರಕಾಶನದ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ 2001ರ ಆಗಸ್ಟ್‌ನಿಂದ 2016ರ ಆಗಸ್ಟ್‌ವರೆಗೆ 686 ಅಧ್ಯಾಯಗಳಾಗಿ ಪ್ರಕಟವಾದ ಇದು 74 ಸಂಪುಟಗಳಲ್ಲಿ ದೊರೆಯುತ್ತದೆ. ಸ್ಟುಡಿಯೊ ಪಿಯೆರೊ ನಿರ್ಮಿಸಿ ನೊರಿಯುಕಿ ಆಬೆ ನಿರ್ದೇಶಿಸಿದ ಮೊದಲ ಅನಿಮೆ 2004ರ ಅಕ್ಟೋಬರ್ 5ರಂದು ಆರಂಭವಾಗಿ, ಮಾಂಗಾದ 479ನೆಯ ಅಧ್ಯಾಯದವರೆಗಿನ ಕಥೆಯನ್ನು ಹೇಳಿ ನಿಂತಿತು. 480ರಿಂದ 686ರವರೆಗಿನ ಕೊನೆಯ ಪರ್ವ, ಅಂದರೆ 55ನೆಯ ಸಂಪುಟದಿಂದ 74ರವರೆಗಿನ ಭಾಗ, ಆಗ ತೆರೆಗೆ ಬರಲೇ ಇಲ್ಲ. ಆ ಬಾಕಿಯನ್ನೇ ಈಗ ತೊಮೊಹಿಸಾ ತಾಗುಚಿ ಅವರ ನಿರ್ದೇಶನದಲ್ಲಿ ತೀರಿಸಲಾಗುತ್ತಿದೆ.

ಹೊಸ ಸರಣಿಯನ್ನು ನಾಲ್ಕು ಭಾಗಗಳಾಗಿ ಯೋಜಿಸಲಾಗಿದೆ. 2022ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂದ ಮೊದಲ ಭಾಗದಲ್ಲಿ 1ರಿಂದ 13ನೆಯ ಕಂತುಗಳಿವೆ. ‘ದಿ ಸೆಪರೇಷನ್’ ಎಂಬ ಎರಡನೆಯ ಭಾಗ 2023ರ ಜುಲೈನಿಂದ ಸೆಪ್ಟೆಂಬರ್‌ವರೆಗೆ 14ರಿಂದ 26ನೆಯ ಕಂತುಗಳಾಗಿ ಪ್ರಸಾರವಾಯಿತು. ‘ದಿ ಕಾನ್‌ಫ್ಲಿಕ್ಟ್’ ಎಂಬ ಮೂರನೆಯ ಭಾಗ 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂದು 40ನೆಯ ಕಂತಿಗೆ ಮುಗಿಯಿತು. ನಾಲ್ಕನೆಯ ಮತ್ತು ಕೊನೆಯ ಭಾಗಕ್ಕೆ ‘ದಿ ಕಲಾಮಿಟಿ’ ಎಂಬ ಹೆಸರಿದೆ.

ಕಂತುಗಳ ಎಣಿಕೆಯಲ್ಲಿ ಒಂದು ಗೊಂದಲವಿದೆ, ಅದನ್ನು ಈಗಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಕೆಲವು ಪಟ್ಟಿಗಳು ಹೊಸ ಸರಣಿಯನ್ನು ಪ್ರತ್ಯೇಕ ಕೃತಿಯಾಗಿ 1ರಿಂದ ಎಣಿಸುತ್ತವೆ. ಇನ್ನು ಕೆಲವು ಅದನ್ನು ಬ್ಲೀಚ್‌ನ 17ನೆಯ ಸೀಸನ್ ಎಂದು ಪರಿಗಣಿಸಿ 367ರಿಂದ ಎಣಿಸುತ್ತವೆ. ಒಂದು ಕಡೆ 20ನೆಯ ಕಂತೆಂದು ಕಂಡದ್ದು ಇನ್ನೊಂದು ಕಡೆ 386 ಆಗಿರುತ್ತದೆ. ಈ ಲೇಖನದಲ್ಲಿ ಹಳೆಯದಕ್ಕೆ ಹಳೆಯ ಸಂಖ್ಯೆಯನ್ನೂ ಹೊಸದಕ್ಕೆ 1ರಿಂದ ಆರಂಭವಾಗುವ ಸಂಖ್ಯೆಯನ್ನೂ ಬಳಸಿದ್ದೇನೆ.

ಎರಡನೆಯ ಹೆಜ್ಜೆ: ಎಲ್ಲಿ, ಯಾವ ಧ್ವನಿಯಲ್ಲಿ ನೋಡುವುದೆಂದು ತೀರ್ಮಾನಿಸಿ

ಹೊಸ ಸರಣಿ ಅಮೆರಿಕದಲ್ಲಿ ಹುಲುವಿನಲ್ಲಿಯೂ ಬೇರೆ ಹಲವು ದೇಶಗಳಲ್ಲಿ ಡಿಸ್ನಿ ಪ್ಲಸ್‌ನಲ್ಲಿಯೂ ಬಂದಿದೆ. ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ, ಅಮೆರಿಕದಲ್ಲಿರುವ ನೆಂಟರು ಹೇಳಿದ ವೇದಿಕೆಯನ್ನು ನಂಬಿ ಬೆಂಗಳೂರಿನಲ್ಲಿ ಚಂದಾ ಕಟ್ಟಬೇಡಿ. ಹಳೆಯ ಮತ್ತು ಹೊಸ ಸರಣಿಗಳೆರಡೂ ನಿಮ್ಮ ದೇಶದ ಪಟ್ಟಿಯಲ್ಲಿ ಇವೆಯೇ ಎಂದು ಮೊದಲು ನೋಡಿಕೊಳ್ಳಿ. ಹಳೆಯದು ಒಂದು ಕಡೆ, ಹೊಸದು ಇನ್ನೊಂದು ಕಡೆ ಇರುವುದೂ ಉಂಟು. ಹಾಗಿದ್ದಲ್ಲಿ ಹಳೆಯದನ್ನು ಮುಗಿಸಿದ ಮೇಲೆಯೇ ಎರಡನೆಯ ಚಂದಾ ಕಟ್ಟಿದರೆ ಸಾಕು.

ಧ್ವನಿಯ ವಿಷಯದಲ್ಲಿ ನನ್ನ ಒಲವು ಜಪಾನಿ ಧ್ವನಿಯ ಕಡೆಗೆ. ಕಥಾನಾಯಕ ಇಚಿಗೊ ಪಾತ್ರಕ್ಕೆ ಮಾಸಾಕಾಜು ಮೊರಿಟಾ ಮತ್ತು ರುಕಿಯಾ ಪಾತ್ರಕ್ಕೆ ಫುಮಿಕೊ ಒರಿಕಾಸಾ 2004ರಿಂದಲೂ ಧ್ವನಿ ಕೊಡುತ್ತ ಬಂದಿದ್ದಾರೆ, ಆ ಧ್ವನಿಗಳು ಪಾತ್ರಗಳ ಜೊತೆಗೇ ಮಾಗಿರುವುದು ಹೊಸ ಸರಣಿಯಲ್ಲಿ ಕೇಳಿಸುತ್ತದೆ. ಸೇನಾಪತಿ ಯಾಮಾಮೊಟೊ ಪಾತ್ರದ ಧ್ವನಿ ಬದಲಾಗಿದೆ. ಹಳೆಯ ಸರಣಿಯಲ್ಲಿ ಆ ಪಾತ್ರಕ್ಕೆ ಧ್ವನಿಯಾಗಿದ್ದ ಮಾಸಾಕಿ ತ್ಸುಕಾಡಾ 2014ರಲ್ಲಿ ತೀರಿಕೊಂಡರು. ಇಂಗ್ಲಿಷ್ ಡಬ್ಬಿಂಗ್ ಕೂಡ ಕಳಪೆಯೇನಲ್ಲ, ಅದರಲ್ಲಿ ಇಚಿಗೊನಿಗೆ ಜಾನಿ ಯಾಂಗ್ ಬಾಷ್ ಹಳೆಯ ಕಂತುಗಳಿಂದಲೂ ಧ್ವನಿ ನೀಡಿದ್ದಾರೆ. ಕನ್ನಡ ನೋಡುಗರು ಇಂಗ್ಲಿಷ್ ಸಬ್‌ಟೈಟಲ್‌ಗಳನ್ನೇ ನೆಚ್ಚಿಕೊಳ್ಳಬೇಕಾಗುವುದರಿಂದ ಒಂದು ಮಾತು ನೆನಪಿರಲಿ: ಜಪಾನಿ ಧ್ವನಿಯಲ್ಲಿ ‘ಶಿನಿಗಾಮಿ’ ಎಂದು ಕೇಳಿಸುವುದು ಇಂಗ್ಲಿಷ್ ಬರಹದಲ್ಲಿ ‘ಸೋಲ್ ರೀಪರ್’ ಎಂದಾಗಿರುತ್ತದೆ. ಎರಡೂ ಒಂದೇ: ಸತ್ತವರ ಆತ್ಮಗಳನ್ನು ಆಚೆಯ ಲೋಕಕ್ಕೆ ಸೇರಿಸುವ ಖಡ್ಗಧಾರಿ ಯೋಧರು.

ಮೂರನೆಯ ಹೆಜ್ಜೆ: ಮೊದಲ 63 ಕಂತುಗಳನ್ನು ಸಾಲಾಗಿ ನೋಡಿ

ಕರಾಕುರಾ ಪಟ್ಟಣದ ಹೈಸ್ಕೂಲು ಹುಡುಗ ಇಚಿಗೊ ಕುರೊಸಾಕಿಗೆ ಸತ್ತವರ ಆತ್ಮಗಳು ಕಾಣುತ್ತವೆ. ರುಕಿಯಾ ಕುಚಿಕಿ ಎಂಬ ಶಿನಿಗಾಮಿಯ ಶಕ್ತಿಯನ್ನು ಅವನು ಪಡೆದುಕೊಳ್ಳುವುದರಿಂದ ಆರಂಭವಾಗಿ, ಆ ತಪ್ಪಿಗಾಗಿ ಮರಣದಂಡನೆಗೆ ಗುರಿಯಾದ ಅವಳನ್ನು ಬಿಡಿಸಲು ಅವನು ಗೆಳೆಯರೊಂದಿಗೆ ಸತ್ತವರ ಲೋಕವಾದ ಸೋಲ್ ಸೊಸೈಟಿಗೆ ನುಗ್ಗುವವರೆಗಿನ ಕಥೆ ಇಲ್ಲಿದೆ. 33 ಮತ್ತು 50ನೆಯ ಕಂತುಗಳು ಮಾಂಗಾದಲ್ಲಿ ಇಲ್ಲದವು, ಅವನ್ನು ದಾಟಿಸಿದರೂ ನಡೆಯುತ್ತದೆ. ಆದರೆ ಈ ಭಾಗ ಇಡಿಯಾಗಿ ಎಷ್ಟು ಬಿಗಿಯಾಗಿದೆಯೆಂದರೆ ದಾಟಿಸುವ ಮನಸ್ಸು ಬರುವುದು ಕಡಿಮೆ.

ಮುಂದಿನ ಯುದ್ಧದ ದೃಷ್ಟಿಯಿಂದ ಕೆಲವು ಕಂತುಗಳಲ್ಲಿ ನಿಧಾನಿಸಬೇಕು. 8 ಮತ್ತು 9ನೆಯ ಕಂತುಗಳಲ್ಲಿ ಇಚಿಗೊನ ತಾಯಿ ಮಸಾಕಿ ಜೂನ್ 17ರ ಮಳೆಯಲ್ಲಿ ಹೇಗೆ ಸತ್ತಳೆಂಬ ನೆನಪು ಬರುತ್ತದೆ. ಆಗ ಅದು ಕೇವಲ ಒಬ್ಬ ಮಗನ ದುಃಖದಂತೆ ಕಾಣುತ್ತದೆ, ಆದರೆ ಅಲ್ಲಿ ಕೇಳದೆ ಉಳಿದ ಪ್ರಶ್ನೆಗೆ ಉತ್ತರ ಸಿಗುವುದು ಹೊಸ ಸರಣಿಯ 11 ಮತ್ತು 12ನೆಯ ಕಂತುಗಳಲ್ಲಿ. 11ನೆಯ ಕಂತಿನಿಂದ ಮುಂದೆ ಉರ್ಯೂ ಇಶಿದಾ ಎಂಬ ಸಹಪಾಠಿ ಪ್ರವೇಶಿಸುತ್ತಾನೆ. ಅವನು ಕ್ವಿನ್ಸಿ ಕುಲದವನು, ಬಿಲ್ಲು ಹಿಡಿದವನು, ಶಿನಿಗಾಮಿಗಳನ್ನು ದ್ವೇಷಿಸುವವನು.

ಈ ದ್ವೇಷದ ತರ್ಕವನ್ನು ಇಲ್ಲಿಯೇ ಗಟ್ಟಿಮಾಡಿಕೊಳ್ಳಿ, ಏಕೆಂದರೆ ಕೊನೆಯ ಯುದ್ಧ ಪೂರ್ತಿಯಾಗಿ ಇದರ ಮೇಲೆ ನಿಂತಿದೆ. ಶಾಂತಿ ಸಿಗದ ಆತ್ಮಗಳು ಹಾಲೊಗಳೆಂಬ ಪಿಶಾಚಿಗಳಾಗುತ್ತವೆ. ಶಿನಿಗಾಮಿಯು ತನ್ನ ಖಡ್ಗವಾದ ಜಾನ್‌ಪಾಕುತೊದಿಂದ ಹಾಲೊವನ್ನು ಕಡಿದಾಗ ಅದರ ಪಾಪ ತೊಳೆದುಹೋಗಿ ಆತ್ಮವು ಸೋಲ್ ಸೊಸೈಟಿಗೆ ಸೇರುತ್ತದೆ, ಅಂದರೆ ಆತ್ಮಗಳ ಒಟ್ಟು ಲೆಕ್ಕ ಹಾಗೆಯೇ ಉಳಿಯುತ್ತದೆ. ಕ್ವಿನ್ಸಿಯ ಬಾಣ ತಾಗಿದ ಹಾಲೊ ಹೇಳಹೆಸರಿಲ್ಲದಂತೆ ನಾಶವಾಗುತ್ತದೆ. ಇದು ಮುಂದುವರಿದರೆ ಬದುಕಿನ ಲೋಕ ಮತ್ತು ಸತ್ತವರ ಲೋಕಗಳ ತಕ್ಕಡಿ ವಾಲಿ ಎರಡೂ ಅಳಿಯುತ್ತವೆಂಬ ಕಾರಣ ಕೊಟ್ಟು 200 ವರ್ಷಗಳ ಹಿಂದೆ ಶಿನಿಗಾಮಿಗಳು ಕ್ವಿನ್ಸಿ ಕುಲವನ್ನು ಬಹುತೇಕ ನಿರ್ನಾಮ ಮಾಡಿದರು. ಯಾರ ಪಕ್ಷ ಸರಿ ಎಂದು ಕುಬೊ ಅವರು ಹೇಳಿಕೊಡುವುದಿಲ್ಲ. 43ರಿಂದ 45ನೆಯ ಕಂತುಗಳಲ್ಲಿ ಇಶಿದಾ ಮತ್ತು ಶಿನಿಗಾಮಿ ಸೇನೆಯ 12ನೆಯ ದಳದ ನಾಯಕ ಮಾಯುರಿ ಕುರೊತ್ಸುಚಿಯರ ಕಾಳಗವನ್ನು ನೋಡಿದಾಗ, ‘ಒಳ್ಳೆಯ’ ಪಕ್ಷದೊಳಗೆ ಎಂಥ ಕ್ರೌರ್ಯ ಕೂತಿದೆಯೆಂಬುದು ಗೊತ್ತಾಗುತ್ತದೆ.

ಜೊತೆಗೆ 13 ದಳಗಳ ನಾಯಕರ ಮುಖ ಮತ್ತು ಹೆಸರುಗಳನ್ನು ಹೊಂದಿಸಿಕೊಳ್ಳಿ. ಗೊತೇ 13 ಎಂಬ ಈ ಸೇನೆಯ ಬಹುತೇಕ ಎಲ್ಲ ನಾಯಕರ ಖಡ್ಗಗಳಿಗೂ ಶಿಕಾಯ್ ಮತ್ತು ಬಾನ್‌ಕಾಯ್ ಎಂಬ ಎರಡು ಬಿಡುಗಡೆಯ ರೂಪಗಳಿವೆ. ಹೊಸ ಸರಣಿಯ ಮೊದಲ ಐದಾರು ಕಂತುಗಳಲ್ಲಿ ನಡೆಯುವ ಅನಾಹುತದ ಭಾರ ತಿಳಿಯಬೇಕಾದರೆ, ಬಾನ್‌ಕಾಯ್ ಎಂಬುದನ್ನು ಗಳಿಸುವುದು ಎಷ್ಟು ಕಷ್ಟವೆಂದು ಈ 63 ಕಂತುಗಳಲ್ಲಿ ಮನವರಿಕೆಯಾಗಿರಬೇಕು.

ನಾಲ್ಕನೆಯ ಹೆಜ್ಜೆ: ಫಿಲ್ಲರ್‌ಗಳನ್ನು ಗುರುತಿಸಿ ದಾಟಿ

ವಾರವಾರವೂ ಪ್ರಸಾರವಾಗುತ್ತಿದ್ದ ಅನಿಮೆ ಮಾಂಗಾವನ್ನು ಬೆನ್ನಟ್ಟಿ ಹಿಡಿದುಬಿಡುತ್ತಿತ್ತು. ಮುಂದಿನ ಅಧ್ಯಾಯಗಳು ಬರೆದಾಗುವವರೆಗೆ ಕಾಲ ತಳ್ಳಲು ಸ್ಟುಡಿಯೊದವರೇ ಹೆಣೆದ ಕಥೆಗಳನ್ನು ನೋಡುಗರು ಫಿಲ್ಲರ್ ಎನ್ನುತ್ತಾರೆ. ಬ್ಲೀಚ್‌ನಲ್ಲಿ ನಾಲ್ಕು ದೊಡ್ಡ ಫಿಲ್ಲರ್ ಪರ್ವಗಳಿವೆ. 64ರಿಂದ 109ರವರೆಗೆ ಬೌಂಟ್ ಎಂಬ ಕುಲದ ಕಥೆ, 168ರಿಂದ 189ರವರೆಗೆ ಹೊಸ ನಾಯಕ ಶುಸುಕೆ ಅಮಾಗಾಯ್‌ನ ಕಥೆ, 230ರಿಂದ 265ರವರೆಗೆ ಜಾನ್‌ಪಾಕುತೊಗಳು ದಂಗೆಯೇಳುವ ಕಥೆ, 317ರಿಂದ 342ರವರೆಗೆ ಗೊತೇ 13ರ ಮೇಲಿನ ದಾಳಿಯ ಕಥೆ. ಇವಿಷ್ಟೇ 130 ಕಂತುಗಳಾಗುತ್ತವೆ.

ಇವುಗಳಲ್ಲಿ ಎರಡು ಪರ್ವಗಳು ಬಂದು ಕೂತಿರುವ ಜಾಗವೇ ವಿಚಿತ್ರ. 167ನೆಯ ಕಂತಿನವರೆಗೆ ಹ್ವೇಕೊ ಮುಂಡೊ ಎಂಬ ಹಾಲೊಗಳ ಮರುಭೂಮಿಯಲ್ಲಿ ಪ್ರಾಣಾಂತಿಕ ಹೋರಾಟ ನಡೆಯುತ್ತಿರುತ್ತದೆ, 168ರಲ್ಲಿ ಅದೇ ಜನ ಏನೂ ಆಗದವರಂತೆ ಹೊಸ ನಾಯಕನನ್ನು ಸ್ವಾಗತಿಸುತ್ತಾರೆ, 190ರಲ್ಲಿ ಮತ್ತೆ ಆ ಹೋರಾಟ ಬಿಟ್ಟಲ್ಲಿಂದಲೇ ಶುರುವಾಗುತ್ತದೆ. ನಕಲಿ ಕರಾಕುರಾದ ಯುದ್ಧವೂ ಹೀಗೆಯೇ ನಡುವೆ ಕಡಿದುಹೋಗಿ 266ರಲ್ಲಿ ಮುಂದುವರಿಯುತ್ತದೆ. ಆಗ ವಾರಕ್ಕೊಂದರಂತೆ ನೋಡುತ್ತಿದ್ದವರ ತಾಳ್ಮೆಗೆ ಕೈಮುಗಿಯಬೇಕು. ಈಗ ನೋಡುವವರು 167 ಮುಗಿದೊಡನೆ 190ನ್ನೂ, 226 ಮುಗಿದೊಡನೆ 266ನ್ನೂ ತೆರೆದರೆ ಕಥೆ ಹೊಲಿಗೆ ಕಾಣದಂತೆ ಕೂಡಿಕೊಳ್ಳುತ್ತದೆ.

ಬಿಡಿಬಿಡಿಯಾಗಿ ಚದುರಿರುವ ಫಿಲ್ಲರ್‌ಗಳೂ ಇವೆ: 147ರಿಂದ 149, 204 ಮತ್ತು 205, 213 ಮತ್ತು 214, 227ರಿಂದ 229, 287, 298 ಮತ್ತು 299, 303ರಿಂದ 305, 311ರಿಂದ 316, ಹಾಗೂ 355. ಇವನ್ನೂ 33, 50ನ್ನೂ ಕಳೆದರೆ ಉಳಿಯುವುದು 211 ಕಂತುಗಳು. ಒಂದಕ್ಕೆ 24 ನಿಮಿಷದಂತೆ ಸುಮಾರು 84 ಗಂಟೆ. ದಿನಕ್ಕೆ ಎರಡರಂತೆ ನೋಡಿದರೆ ಮೂರೂವರೆ ತಿಂಗಳು. 2006ರಿಂದ 2010ರವರೆಗೆ ಬಂದ ನಾಲ್ಕು ಚಲನಚಿತ್ರಗಳು ಮುಖ್ಯ ಕಥೆಗೆ ಏನನ್ನೂ ಸೇರಿಸುವುದಿಲ್ಲವಾದ್ದರಿಂದ ಅವನ್ನು ಬದಿಗಿಡಬಹುದು.

ಎಲ್ಲ ಫಿಲ್ಲರ್‌ಗಳೂ ತಿರಸ್ಕಾರಕ್ಕೆ ಅರ್ಹವೆಂದು ಇದರ ಅರ್ಥವಲ್ಲ. 230ರಿಂದ 255ರವರೆಗಿನ ಕಂತುಗಳಲ್ಲಿ ಖಡ್ಗಗಳ ಆತ್ಮಗಳು ಮನುಷ್ಯ ರೂಪ ತಾಳಿ ತಮ್ಮ ಒಡೆಯರ ಎದುರು ನಿಲ್ಲುತ್ತವೆ, ಖಡ್ಗ ಮತ್ತು ಹಿಡಿದವರ ನಂಟಿನ ಮೇಲೆ ನಿಂತ ಈ ಜಗತ್ತಿಗೆ ಅದು ತಕ್ಕ ಕಲ್ಪನೆಯೇ ಸರಿ. ಮೆನೋಸ್ ಕಾಡಿನ 147ರಿಂದ 149ನೆಯ ಕಂತುಗಳಿಗೂ ಅಭಿಮಾನಿಗಳಿದ್ದಾರೆ. ಇವನ್ನು ಹೊಸ ಸರಣಿ ಮುಗಿದ ಮೇಲೆ ಬಿಡುವಿನಲ್ಲಿ ನೋಡಿ. ಹಾಗೆಯೇ ಹಳೆಯ ಕಂತುಗಳಲ್ಲಿ ಕೊನೆಯ ಹಾಡಾದ ಮೇಲೆ ಶಿನಿಗಾಮಿಗಳನ್ನೋ ಶಿನಿಗಾಮಿಯಂಥ ಶಕ್ತಿ ಪಡೆದ ಹಾಲೊಗಳಾದ ಅರ್ರಾಂಕಾರ್‌ಗಳನ್ನೋ ಗೇಲಿಮಾಡುವ ಪುಟ್ಟ ಹಾಸ್ಯ ತುಣುಕುಗಳು ಬರುತ್ತವೆ, ಆತುರಪಟ್ಟು ಮುಂದಿನ ಕಂತಿಗೆ ಹಾರುವವರಿಗೆ ಅವು ತಪ್ಪಿಹೋಗುತ್ತವೆ.

ಐದನೆಯ ಹೆಜ್ಜೆ: 110ರಿಂದ 366ರ ನಡುವೆ ಗುರುತಿಡಬೇಕಾದ ಜಾಗಗಳು

110ರಿಂದ ಸೋಲ್ ಸೊಸೈಟಿಯ ಶತ್ರುವಾದ ಐಝೆನ್ ಮತ್ತು ಅವನ ಅರ್ರಾಂಕಾರ್ ಸೇನೆಯ ದೀರ್ಘ ಪರ್ವ ಆರಂಭವಾಗುತ್ತದೆ. ಇದನ್ನು ಯುದ್ಧಗಳ ಸಾಲಾಗಿ ಸುಮ್ಮನೆ ನೋಡಿಕೊಂಡು ಹೋಗಬಹುದು, ಆದರೆ ನಾಲ್ಕು ಕಡೆ ನಿಲ್ಲಬೇಕು. 206ರಿಂದ 212ರವರೆಗೆ ಕಥೆ ಒಂದು ಶತಮಾನದಷ್ಟು ಹಿಂದಕ್ಕೆ ಹೋಗಿ ಉರಾಹಾರಾ, ಹಿರಾಕೊ, ಐಝೆನ್, ಮಾಯುರಿ ಮೊದಲಾದವರ ಹಳೆಯ ಸಂಬಂಧಗಳನ್ನು ತೋರಿಸುತ್ತದೆ. ನನ್ನ ಮಟ್ಟಿಗೆ ಹಳೆಯ ಸರಣಿಯ ಅತ್ಯಂತ ಸುಸಂಬದ್ಧ ಏಳು ಕಂತುಗಳು ಇವೇ. 266ರಿಂದ 272ರವರೆಗಿನ ಉಲ್ಕಿಯೋರಾ ಎಂಬ ಅರ್ರಾಂಕಾರ್ ಜೊತೆಗಿನ ಕಾಳಗದಲ್ಲಿ ಇಚಿಗೊನ ಒಳಗಿನ ಹಾಲೊ ಹೊರಬರುವ ರೀತಿಯನ್ನು ಗಮನಿಸಿ, ಅದು ಅವನೊಳಗೆ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆಗೆ ಹೊಸ ಸರಣಿ ಉತ್ತರ ಕೊಡುತ್ತದೆ. 309 ಮತ್ತು 310ರ ಆಸುಪಾಸಿನಲ್ಲಿ ಐಝೆನ್ ಮತ್ತು ಉರಾಹಾರಾ ನಡುವೆ ಸೋಲ್ ಸೊಸೈಟಿಯ ದೊರೆಯಾದ ಆತ್ಮರಾಜನ ಬಗ್ಗೆ ಒಂದು ಚಿಕ್ಕ ಮಾತುಕತೆ ನಡೆಯುತ್ತದೆ, ಅದು ಅರ್ಥವಾಗದಿದ್ದರೂ ನೆನಪಿಟ್ಟುಕೊಳ್ಳಿ. 343ರಿಂದ 366ರವರೆಗಿನ ಫುಲ್‌ಬ್ರಿಂಗ್ ಪರ್ವದ ಕೊನೆಯಲ್ಲಿ ಬದಲಿ ಶಿನಿಗಾಮಿಯೆಂದು ಇಚಿಗೊನಿಗೆ ಕೊಟ್ಟಿದ್ದ ಬಿಲ್ಲೆ ಯಾಕಾಗಿ ಇತ್ತೆಂಬ ಸತ್ಯ ಬಯಲಾಗುತ್ತದೆ. ಸೋಲ್ ಸೊಸೈಟಿ ತನ್ನವರನ್ನು ಎಷ್ಟರ ಮಟ್ಟಿಗೆ ನಂಬುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ.

ಅಷ್ಟು ಸಮಯವಿಲ್ಲದವರು ಈ ನಡುವಿನ ಐಝೆನ್ ಪರ್ವವನ್ನು ಮಾಂಗಾದ 21ರಿಂದ 48ನೆಯ ಸಂಪುಟಗಳಲ್ಲಿ ಓದಿಕೊಳ್ಳಬಹುದು. ಕುಬೊ ಅವರ ಪುಟಗಳಲ್ಲಿ ಖಾಲಿ ಬಿಳಿ ಜಾಗ ಹೆಚ್ಚು, ಮಾತು ಕಡಿಮೆ. ಒಂದು ಸಂಪುಟ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಮೊದಲ 63 ಕಂತುಗಳಿಗೂ 343ರ ನಂತರದವಕ್ಕೂ ಈ ಅಡ್ಡದಾರಿಯನ್ನು ಬಳಸದಿರುವುದು ಮೇಲು.

ಆರನೆಯ ಹೆಜ್ಜೆ: ಹೊಸ ಸರಣಿಯನ್ನು ನಿಧಾನವಾಗಿ ನೋಡಿ

ಹಳೆಯ ಸರಣಿಯ ಸಂಜೆಯ ಮಂದಗತಿಗೆ ಒಗ್ಗಿಕೊಂಡು ಬಂದವರಿಗೆ ಹೊಸದರ ಮೊದಲ ಕಂತು ತಲೆಸುತ್ತು ತರಿಸಬಹುದು. ಮೊದಲ ಭಾಗದಲ್ಲಿ ಒಂದು ಕಂತಿಗೆ ಮಾಂಗಾದ ನಾಲ್ಕೈದು ಅಧ್ಯಾಯಗಳು ಅಡಕವಾಗಿವೆ. ಅಲ್ಲದೆ ಅದು ಮಧ್ಯರಾತ್ರಿಯ ಹೊತ್ತಿಗೆ ಪ್ರಸಾರವಾದದ್ದರಿಂದ ರಕ್ತಪಾತವನ್ನು ಮರೆಮಾಚಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಗಮನದಲ್ಲಿಡಬೇಕು. ದಿನಕ್ಕೆ ಎರಡು ಕಂತಿಗಿಂತ ಹೆಚ್ಚು ನೋಡಬೇಡಿ ಎಂಬುದು ನನ್ನ ಸಲಹೆ. ಮೊದಲ ಭಾಗದ 12 ಮತ್ತು 13, ಎರಡನೆಯ ಭಾಗದ 25 ಮತ್ತು 26, ಮೂರನೆಯ ಭಾಗದ 39 ಮತ್ತು 40ನೆಯ ಕಂತುಗಳನ್ನು ಮಾತ್ರ ಒಟ್ಟಿಗೆ ನೋಡಿ. ಟಿವಿಯಲ್ಲಿಯೂ ಅವು ಒಂದು ಗಂಟೆಯ ವಿಶೇಷ ಪ್ರಸಾರವಾಗಿ ಜೋಡಿಯಾಗಿಯೇ ಬಂದವು.

ಶತ್ರುಗಳನ್ನು ನೆನಪಿಡಲು ಒಂದು ಹಾಳೆ ಇಟ್ಟುಕೊಳ್ಳುವುದು ಒಳ್ಳೆಯದು. ಯುಹಾಬಾಖ್ ಎಂಬ ಕ್ವಿನ್ಸಿಗಳ ದೊರೆಯ ವಾಂಡೆನ್‌ರೈಖ್ ಸಾಮ್ರಾಜ್ಯದಲ್ಲಿ ಸ್ಟೆರ್ನ್‌ರಿಟ್ಟರ್ ಎಂಬ ಯೋಧರಿದ್ದಾರೆ, ಪ್ರತಿಯೊಬ್ಬರಿಗೂ ರೋಮನ್ ವರ್ಣಮಾಲೆಯ ಒಂದು ಅಕ್ಷರವನ್ನು ದೊರೆಯೇ ಕೊಟ್ಟಿರುತ್ತಾನೆ, ಅವರ ಶಕ್ತಿಯ ಹೆಸರು ಆ ಅಕ್ಷರದಿಂದಲೇ ಆರಂಭವಾಗುತ್ತದೆ. ‘ಎಫ್’ ಹೊಂದಿದವನದು ಭಯದ ಶಕ್ತಿ, ‘ಎಚ್’ ಹೊಂದಿದವನದು ಶಾಖದ ಶಕ್ತಿ. ಅಕ್ಷರ, ಮುಖದ ಒಂದು ಗುರುತು, ಎದುರಾದ ನಾಯಕ, ಇಷ್ಟನ್ನು ಬರೆದಿಟ್ಟರೆ ಎರಡನೆಯ ಭಾಗದ ಏಕಕಾಲದ ಕಾಳಗಗಳಲ್ಲಿ ದಾರಿ ತಪ್ಪುವುದಿಲ್ಲ. ಅಂತರ್ಜಾಲದ ವಿಕಿಗಳಲ್ಲಿ ಹೆಸರು ಹುಡುಕುವ ಅಭ್ಯಾಸವನ್ನು ಈ ಅವಧಿಯಲ್ಲಿ ಬಿಡಿ. ಅಲ್ಲಿ ಪಾತ್ರದ ಮೊದಲ ಸಾಲಿನಲ್ಲೇ ಅದರ ಗತಿ ಏನಾಯಿತೆಂದು ಬರೆದಿರುತ್ತದೆ. ಯೂಟ್ಯೂಬಿನ ಶಿಫಾರಸು ಚಿತ್ರಗಳೂ ಅಷ್ಟೇ ಅಪಾಯಕಾರಿ.

ಮೊದಲ ಭಾಗದಲ್ಲಿ ಸಾವಿರ ವರ್ಷಗಳ ಹಿಂದಿನ ಮೊದಲ ತಲೆಮಾರಿನ ಗೊತೇ 13ರ ದೃಶ್ಯ ಬಂದಾಗ ಸ್ವಲ್ಪ ನಿಲ್ಲಿಸಿ ನೋಡಿ. ಸೋಲ್ ಸೊಸೈಟಿ ಈಗ ಕಾಯುತ್ತಿರುವ ಶಾಂತಿಯನ್ನು ಕಟ್ಟಿದವರು ಕೊಲೆಗಡುಕರ ಗುಂಪೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ, 9 ಮತ್ತು 10ನೆಯ ಕಂತುಗಳ ಖಡ್ಗಯುದ್ಧದ ತೂಕ ತಿಳಿಯುವುದು ಅದನ್ನು ಕಂಡವರಿಗೇ. ಎರಡನೆಯ ಭಾಗದ 19ನೆಯ ಕಂತಿನಲ್ಲಿ ರುಕಿಯಾ ತಲುಪುವ ಎತ್ತರ, ಮೊದಲ ಕಂತಿನಿಂದ ಅವಳನ್ನು ಕಂಡವರಿಗೆ ಮಾತ್ರ ದಕ್ಕುವಂಥದ್ದು. ಶಿರೋ ಸಾಗಿಸು ಅವರ ಸಂಗೀತ ಎರಡೂ ಸರಣಿಗಳಲ್ಲಿದೆ. ಹಳೆಯ ರಾಗಗಳು ಬೇರೆ ವಾದ್ಯಗಳಲ್ಲಿ ಮರಳುವ ಹೊತ್ತಿನಲ್ಲಿ ಕಥೆಯೂ ಹಿಂದಿನ ಯಾವುದೋ ಮಾತಿಗೆ ಮರಳುತ್ತಿರುತ್ತದೆ.

ಏಳನೆಯ ಹೆಜ್ಜೆ: ಮಾಂಗಾದೊಂದಿಗೆ ಹೋಲಿಸುವುದು ಯಾವಾಗ

ಕೊನೆಯ ಪರ್ವ ಮಾಂಗಾದಲ್ಲಿ ಅವಸರದಲ್ಲಿ ಮುಗಿಯಿತೆಂಬುದು ಓದುಗರ ಬಹುಕಾಲದ ದೂರು, ಆ ದೂರಿನಲ್ಲಿ ಹುರುಳಿದೆ. ಕುಬೊ ಅವರೇ ಮೇಲ್ವಿಚಾರಣೆ ವಹಿಸಿರುವ ಅನಿಮೆಯು ಅಲ್ಲಿ ಹೆಸರಿಗಷ್ಟೇ ಬಂದುಹೋದ ಘಟನೆಗಳನ್ನು ಹಿಗ್ಗಿಸುತ್ತಿದೆ. ಎರಡನೆಯ ಭಾಗದ ಕೊನೆಯಲ್ಲಿ ಆತ್ಮರಾಜನ ಕಾವಲು ದಳವಾದ ಶೂನ್ಯ ದಳದ ಯುದ್ಧ ಇದಕ್ಕೆ ಒಳ್ಳೆಯ ನಿದರ್ಶನ. ಆ ದಳದ ಸೆಂಜುಮಾರು ಶುತಾರಾಳ ಬಾನ್‌ಕಾಯ್ ಮಾಂಗಾದಲ್ಲಿ ಕಾಣಿಸಲೇ ಇಲ್ಲ, ಅನಿಮೆಯಲ್ಲಿ ಅದು ಇಡೀ ಭಾಗದ ಅತ್ಯಂತ ಸುಂದರ ದೃಶ್ಯಗಳಲ್ಲೊಂದಾಗಿದೆ. ಆದ್ದರಿಂದ ಮಾಂಗಾ ಓದಿದವರು ಕಥೆ ಗೊತ್ತಿದೆಯೆಂದು ಅನಿಮೆಯನ್ನು ಬಿಡುವುದು ಸರಿಯಲ್ಲ. ಮೊದಲ ಬಾರಿಗೆ ಬರುವವರು ಅನಿಮೆಯ ಒಂದು ಭಾಗ ಮುಗಿದ ಮೇಲೆ ಅಷ್ಟೇ ಕಥೆಯನ್ನು 55ನೆಯ ಸಂಪುಟದಿಂದ ಓದಿಕೊಂಡು ಬರಬಹುದು, ಮುಂದಕ್ಕೆ ಓದಬಾರದು.

74ನೆಯ ಸಂಪುಟವೂ ಮುಗಿದ ಮೇಲೆ ಉಳಿಯುವುದು ಎರಡು ಕೃತಿಗಳು. ರ್ಯೋಗೊ ನಾರಿಟಾ ಬರೆದ ‘ಕಾಂಟ್ ಫಿಯರ್ ಯುವರ್ ಓನ್ ವರ್ಲ್ಡ್’ ಕಾದಂಬರಿಯು ಯುದ್ಧದ ನಂತರದ ಕಥೆ ಹೇಳುತ್ತ ಶ್ರೀಮಂತ ಮನೆತನಗಳ ಮತ್ತು ಆತ್ಮರಾಜನ ಹಳೆಯ ಗುಟ್ಟುಗಳನ್ನು ಬಿಡಿಸುತ್ತದೆ. ಸರಣಿಯ 20ನೆಯ ವರ್ಷದ ನೆಪದಲ್ಲಿ 2021ರ ಆಗಸ್ಟ್‌ನಲ್ಲಿ ಕುಬೊ ಅವರು ಬರೆದ ನರಕದ ಕುರಿತ ಒಂಟಿ ಅಧ್ಯಾಯವೂ ಇದೆ. ಎರಡನ್ನೂ ಮೊದಲೇ ಓದಿದರೆ ಕೊನೆಯ ಯುದ್ಧದಲ್ಲಿ ಉಳಿದವರು ಯಾರೆಂಬುದು ಮೊದಲ ಪುಟಗಳಲ್ಲೇ ತಿಳಿದುಹೋಗುತ್ತದೆ. ಅವನ್ನು ಕೈಗೆತ್ತಿಕೊಳ್ಳುವಾಗ ಕಾದಂಬರಿಯನ್ನು ಮೊದಲು, ನರಕದ ಅಧ್ಯಾಯವನ್ನು ಆಮೇಲೆ ಇಟ್ಟುಕೊಳ್ಳಿ.